ಕಲ್ಯಾಣದ ಪುಸ್ತಕ, ನಮ್ಮೂರ ಹೊಲ
(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ತುಂಬಿದ ಶಾಲೆಯಲ್ಲಿ ನಿಂತು ಮಾತಾಡುವುದು ಸಣ್ಣ ಮಾತಲ್ಲ. ಸಂಘಟಕರು ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಿ ಅಂದಿದ್ದರು. ಕಂಪ್ಯೂಟರ್ ಬಗ್ಗೆ ಈಗ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ನಾನು ಇವತ್ತು ಒಂದು ಅಂಕದ ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ.

ನಾವು ಓದುವಾಗ ಇತಿಹಾಸದ ಪರೀಕ್ಷೆಯಲ್ಲಿ ಬರುತ್ತಿದ್ದ ಪ್ರಶ್ನೆ ಇದು: ‘ಮಿತಾಕ್ಷರ ಗ್ರಂಥ ಬರೆದವರು ಯಾರು?’ ಉತ್ತರ: ವಿಜ್ಞಾನೇಶ್ವರ. ಒಂದು ಅಂಕ. ಅದರ ಜೋಡಿ ‘ವಿಕ್ರಮಾಂಕದೇವಚರಿತ ಬರೆದವರು ಯಾರು?’ ಉತ್ತರ: ಬಿಲ್ಹಣ. ಅದಕ್ಕೂ ಒಂದು ಅಂಕ. ನನಗೆ ಇವೆರಡೂ ಯಾವಾಗಲೂ ಅದಲು ಬದಲಾಗುತ್ತಿದ್ದವು. ಕರೆಂಟು ಹೋದ ರಾತ್ರಿ ಚಿಮಣಿ ಬುಡ್ಡಿ ಹಚ್ಚಿಟ್ಟು ನನಗೆ ಬಾಯಿಪಾಠ ಮಾಡಿಸಿದವಳು ನನ್ನ ಅಕ್ಕ. ಅವಳೂ ಇದೇ ಶಾಲೆಯವಳು, ನನಗಿಂತ ಎರಡು ವರ್ಷ ಮುಂದೆ. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಅವಳ ಓದು ಅಲ್ಲಿಗೆ ಮುಗಿಯಿತು, ಮದುವೆಯಾಯಿತು. ನನ್ನ ಓದು ಬಾಗಲಕೋಟೆಯಲ್ಲಿ ಬಿ.ಇ. ತನಕ, ಆಮೇಲೆ ಬೆಂಗಳೂರಿನ ನೌಕರಿ ತನಕ ನಡೆಯಿತು.

ಆ ಒಂದು ಅಂಕದ ಉತ್ತರಕ್ಕೂ ನಮ್ಮ ಮನೆಯ ಹೊಲಕ್ಕೂ ಇರುವ ಸಂಬಂಧ ನನಗೆ ಗೊತ್ತಾಗಲು ಅಮೆರಿಕದ ಕೋರ್ಟುಗಳ ದಾರಿ ಹಿಡಿಯಬೇಕಾಯಿತು. ಅದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ವಕೀಲರು ಬಳಸುವ ಒಂದು ಸಾಫ್ಟ್‌ವೇರ್ ಕೆಲಸ ನನ್ನ ತಂಡಕ್ಕೆ ಬಂತು. ಅಲ್ಲಿನ ತೀರ್ಪುಗಳನ್ನು ಕಂಪ್ಯೂಟರಿಗೆ ಓದಿಸಿ, ನ್ಯಾಯಾಧೀಶರು ಯಾವ ಕಾಯ್ದೆ, ಯಾವ ಹಳೆಯ ತೀರ್ಪು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡುವುದು. ಪಟ್ಟಿಯಲ್ಲಿ ‘ರೀಸ್ಟೇಟ್‌ಮೆಂಟ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಾನು ಅದನ್ನು ಕಾಯ್ದೆ ಎಂದುಕೊಂಡು ಕಾಯ್ದೆಗಳ ಸಾಲಿಗೆ ಹಾಕಿದೆ. ಅಲ್ಲಿನ ವಕೀಲರೊಬ್ಬರು ತಿದ್ದಿದರು: ಅದು ಕಾಯ್ದೆಯಲ್ಲ, ಯಾವ ಶಾಸನಸಭೆಯೂ ಅದನ್ನು ಪಾಸು ಮಾಡಿಲ್ಲ, ಅದು ಪುಸ್ತಕ.

ನನಗೆ ಆಶ್ಚರ್ಯವಾಯಿತು. ಪುಸ್ತಕ ನೋಡಿ ತೀರ್ಪು ಕೊಡುತ್ತಾರೆಯೇ?

ಸಂಗತಿ ಹೀಗಿದೆ. ಅಮೆರಿಕದಲ್ಲಿ ಐವತ್ತು ರಾಜ್ಯ, ಪ್ರತಿ ರಾಜ್ಯಕ್ಕೂ ತನ್ನದೇ ಕೋರ್ಟು. ಕರಾರು, ನಷ್ಟಪರಿಹಾರ, ಆಸ್ತಿ ಇಂಥ ವಿಷಯಗಳ ಕಾನೂನು ಬಹಳ ಮಟ್ಟಿಗೆ ಹಳೆಯ ತೀರ್ಪುಗಳಲ್ಲೇ ಇದೆ. ಸಾವಿರಾರು ತೀರ್ಪು, ಒಂದಕ್ಕೊಂದು ತಾಳೆಯಿಲ್ಲ. 1923ರಲ್ಲಿ ಅಲ್ಲಿನ ಪ್ರಾಧ್ಯಾಪಕರು, ನ್ಯಾಯಾಧೀಶರು, ವಕೀಲರು ಸೇರಿ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಕಟ್ಟಿದರು. ಎಲ್ಲ ತೀರ್ಪುಗಳನ್ನು ಓದಿ, ಅವುಗಳ ಒಳಗಿರುವ ನಿಯಮವನ್ನು ಸ್ಪಷ್ಟವಾಗಿ ಮತ್ತೊಮ್ಮೆ ಬರೆಯುವುದು ಅವರ ಕೆಲಸ. ಒಬ್ಬ ವಿದ್ವಾಂಸ ಕರಡು ಬರೆಯುತ್ತಾನೆ, ಉಳಿದವರು ಕೂತು ಅದನ್ನು ಜಗ್ಗಾಡಿ, ತಿದ್ದಿ ಒಪ್ಪುತ್ತಾರೆ. ಮೊದಲು ದಪ್ಪ ಅಕ್ಷರದಲ್ಲಿ ನಿಯಮ, ಅದರ ಕೆಳಗೆ ವಿವರಣೆ, ಅದರ ಕೆಳಗೆ ಉದಾಹರಣೆ. ಕರಾರಿನ ಬಗೆಗಿನ ಮೊದಲ ಸಂಪುಟ 1932ರಲ್ಲಿ ಬಂತು.

ಇದು ಕೋರ್ಟನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬನಿಗೆ ಹೆಂಡತಿ ಬಡಿಗತನದ ಒಂದು ಯಂತ್ರ ಉಡುಗೊರೆ ಕೊಟ್ಟಳು. ಕೆಲಸ ಮಾಡುವಾಗ ಕಟ್ಟಿಗೆಯ ತುಂಡು ಸಿಡಿದು ಅವನ ಹಣೆಗೆ ಬಡಿಯಿತು. ತಯಾರಕರ ಪರವಾಗಿ ಕರಾರಿನ ನಿಯಮ, ನೋಟೀಸಿನ ಅವಧಿ ಎಂದೆಲ್ಲ ವಾದ ನಡೆಯಿತು. 1963ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ದೋಷವಿರುವ ವಸ್ತುವನ್ನು ಮಾರುಕಟ್ಟೆಗೆ ಬಿಟ್ಟವನೇ ಹೊಣೆ, ಕರಾರಿನ ಮಾತು ಬೇಡ ಎಂದಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಟ್ರೇನರ್ ಅವರು ಉಲ್ಲೇಖಿಸಿದ ಬರಹಗಳಲ್ಲಿ ಪ್ರಾಸರ್ ಎಂಬ ಪ್ರಾಧ್ಯಾಪಕ 1960ರಲ್ಲಿ ಬರೆದ ಲೇಖನವೂ ಒಂದು. ಅದೇ ಪ್ರಾಸರ್ 1965ರ ರೀಸ್ಟೇಟ್‌ಮೆಂಟಿನಲ್ಲಿ ಆ ನಿಯಮವನ್ನು 402ಎ ಎಂಬ ಕಲಮಾಗಿ ಬರೆದಿಟ್ಟರು. ಮುಂದೆ ಒಂದಾದ ಮೇಲೊಂದು ರಾಜ್ಯದ ಕೋರ್ಟು ಆ ಕಲಮನ್ನು ಎತ್ತಿಕೊಂಡಿತು. ಪ್ರಾಧ್ಯಾಪಕನ ಲೇಖನ ಕೋರ್ಟಿಗೆ ಹೋಯಿತು, ಕೋರ್ಟಿನ ಮಾತು ಪುಸ್ತಕಕ್ಕೆ ಬಂತು, ಪುಸ್ತಕ ಮತ್ತೆ ದೇಶದ ಕೋರ್ಟುಗಳಿಗೆ ಹೋಯಿತು.

ಈ ಕೆಲಸ ಮಾಡುತ್ತಿದ್ದಾಗ ನನ್ನ ಪಕ್ಕದ ಗೆಳೆಯನಿಗೆ ಅಂದೆ, ನಮ್ಮಲ್ಲಿ ಇಂಥದ್ದಿಲ್ಲ ನೋಡು ಎಂದು. ಅವನು ಕಲಬುರಗಿ ಕಡೆಯವನು. ‘ಯಾಕಿಲ್ಲ? ನಿಮ್ಮ ಸಾಲ್ಯಾಗ ಮಿತಾಕ್ಷರ ಕಲಿಸಿಲ್ಲೇನು?’ ಅಂದ.

ಕಲಿಸಿದ್ದರು. ಒಂದು ಅಂಕಕ್ಕೆ!

ಆಮೇಲೆ ಹುಡುಕಿ ಓದಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಇಲ್ಲಿಂದ ಬದಾಮಿಗೆ ಹೋದರೆ ನೋಡುವ ಚಾಲುಕ್ಯರ ಹೆಸರನ್ನೇ ಮುಂದುವರಿಸಿದ ಮನೆತನ ಅದು. ಆ ಕಲ್ಯಾಣ ಅಂದರೆ ಈಗಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ. ಅವನು ಹೊಸ ಕಾನೂನು ಬರೆಯಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಗ್ರಂಥದ ಸುಮಾರು ಸಾವಿರ ಶ್ಲೋಕಗಳಿಗೆ ವ್ಯಾಖ್ಯಾನ ಬರೆದ. ಬೇರೆ ಬೇರೆ ಸ್ಮೃತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿದ್ದ ಮಾತುಗಳನ್ನು ಎದುರುಬದುರು ಇಟ್ಟು, ವಾದ ಮಾಡಿ, ಇದು ಹೀಗೆ ಎಂದು ತೀರ್ಮಾನ ಹೇಳಿದ. ಮಿತಾಕ್ಷರ ಎಂದರೆ ಅಳತೆಯ ಅಕ್ಷರ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು. ಮೂಲ, ಅದರ ಕೆಳಗೆ ವಿವರಣೆ, ಅದರೊಳಗೆ ಉದಾಹರಣೆ. ಅಮೆರಿಕದವರ ಪುಸ್ತಕ ನೋಡಿದ ಮೇಲೆ ಇದನ್ನು ನೋಡಿದರೆ ಪರಿಚಯದ ಮುಖ ಕಂಡಂತಾಗುತ್ತದೆ.

ಆ ಪುಸ್ತಕದಲ್ಲಿ ನಮಗೆ ಮುಖ್ಯವಾದದ್ದು ದಾಯಭಾಗ, ಅಂದರೆ ಆಸ್ತಿಯ ಪಾಲು. ಮಗನಿಗೆ ಹಿರಿಯರ ಆಸ್ತಿಯಲ್ಲಿ ಹಕ್ಕು ಯಾವಾಗ ಬರುತ್ತದೆ? ತಂದೆ ಸತ್ತ ಮೇಲೋ, ಹುಟ್ಟಿದ ಕೂಡಲೋ? ವಿಜ್ಞಾನೇಶ್ವರ ಹುಟ್ಟಿನಿಂದಲೇ ಎಂದ. ಅದಕ್ಕೆ ಅವನು ಇಟ್ಟ ಹೆಸರು ‘ಅಪ್ರತಿಬಂಧ ದಾಯ’, ಅಡ್ಡಿಯಿಲ್ಲದ ಆಸ್ತಿ. ಈ ಪದ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಬಂಗಾಳದಲ್ಲಿ ಜೀಮೂತವಾಹನ ಎಂಬ ಇನ್ನೊಬ್ಬ ಪಂಡಿತ, ಇಲ್ಲ, ತಂದೆ ತೀರಿದ ಮೇಲೆಯೇ ಹಕ್ಕು ಎಂದ. ಇಬ್ಬರು ಪಂಡಿತರು, ಎರಡು ಪುಸ್ತಕ. ಬಂಗಾಳದ ಮಗ ಬದುಕಿರುವ ತಂದೆಯ ಹತ್ತಿರ ಪಾಲು ಕೇಳುವಂತಿಲ್ಲ, ಬಾಗಲಕೋಟೆಯ ಮಗ ಕೇಳಬಹುದು. ನಮ್ಮ ಕಟ್ಟೆಯ ಮೇಲೆ ಕೂತು ‘ಅಜ್ಜನ ಆಸ್ತಿ, ಅಪ್ಪ ಹೆಂಗ ಮಾರ್ತಾನ?’ ಎಂದು ಕೇಳುವವನು ತನಗೆ ಗೊತ್ತಿಲ್ಲದೆಯೇ ವಿಜ್ಞಾನೇಶ್ವರನ ಮಾತಾಡುತ್ತಿರುತ್ತಾನೆ.

ಆ ಪುಸ್ತಕ ಕೋರ್ಟಿಗೆ ಬಂದ ದಾರಿ ಹೀಗೆ. 1772ರಲ್ಲಿ ವಾರನ್ ಹೇಸ್ಟಿಂಗ್ಸ್, ಹಿಂದೂಗಳ ಆಸ್ತಿ, ಮದುವೆಯ ವ್ಯಾಜ್ಯಗಳನ್ನು ಅವರ ಶಾಸ್ತ್ರದಂತೆ ತೀರ್ಮಾನಿಸಬೇಕು ಎಂದು ಗೊತ್ತುಮಾಡಿದ. ಇಂಗ್ಲಿಷ್ ನ್ಯಾಯಾಧೀಶನಿಗೆ ಸಂಸ್ಕೃತ ಬಾರದು, ಹಾಗಾಗಿ ಪಕ್ಕದಲ್ಲಿ ಪಂಡಿತರನ್ನು ಕೂಡಿಸಿಕೊಂಡರು. 1810ರಲ್ಲಿ ಕೋಲ್‌ಬ್ರೂಕ್ ಎಂಬಾತ ಮಿತಾಕ್ಷರದ ದಾಯಭಾಗವನ್ನೂ ಜೀಮೂತವಾಹನನ ಗ್ರಂಥವನ್ನೂ ಇಂಗ್ಲಿಷಿಗೆ ತಂದ. ನಮ್ಮ ಮುಂಬಯಿ ಪ್ರಾಂತದಲ್ಲಿ ಕೋರ್ಟಿನ ಶಾಸ್ತ್ರಿಗಳು ಕೊಟ್ಟ ಉತ್ತರಗಳನ್ನೆಲ್ಲ ಒಟ್ಟುಮಾಡಿ ವೆಸ್ಟ್ ಮತ್ತು ಬ್ಯೂಲರ್ 1867ರಿಂದ ಒಂದು ಸಂಗ್ರಹ ಹೊರತಂದರು. ಅಷ್ಟರಲ್ಲಿ, 1864ರಲ್ಲಿ, ಕೋರ್ಟಿನಿಂದ ಪಂಡಿತರ ಹುದ್ದೆಯೇ ಹೋಗಿತ್ತು. ಆಮೇಲೆ ಪುಸ್ತಕವೇ ಪಂಡಿತ. ನಮ್ಮ ಪಕ್ಕದ ಕಲಾದಗಿ ಆಗ ಜಿಲ್ಲಾ ಕೇಂದ್ರ, 1880ರ ದಶಕದಲ್ಲಿ ಅದು ವಿಜಯಪುರಕ್ಕೆ ಹೋಯಿತು. ಈ ಸೀಮೆಯ ಹೊಲಮನೆಯ ವ್ಯಾಜ್ಯಗಳು ತೀರ್ಮಾನವಾದದ್ದು ಇಂಥ ಪುಸ್ತಕಗಳ ಮೇಲೆ. 1912ರಲ್ಲಿ ಮುಲ್ಲಾ ಎಂಬ ಪಾರ್ಸಿ ವಕೀಲರು ಹಿಂದೂ ಕಾನೂನಿನ ಬಗ್ಗೆ ಬರೆದ ಪುಸ್ತಕ ಇವತ್ತಿಗೂ ವಕೀಲರ ಮೇಜಿನ ಮೇಲಿದೆ, ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೂ ಇದೆ.

1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ರಾಮನಾಡಿನ ಒಂದು ಪ್ರಕರಣದಲ್ಲಿ ಮುಖ್ಯವಾದ ಮಾತು ಹೇಳಿತು. ಅತಿ ಹಳೆಯ ಮೂಲದಲ್ಲಿ ಏನಿದೆ ಎಂದು ಅಗೆಯುವುದು ನ್ಯಾಯಾಧೀಶನ ಕೆಲಸವಲ್ಲ. ಆ ಸೀಮೆಯ ಜನ ಯಾವ ವ್ಯಾಖ್ಯಾನಕಾರನನ್ನು ಒಪ್ಪಿ ನಡೆದಿದ್ದಾರೆ ಎಂದು ನೋಡಬೇಕು, ಮತ್ತು ರೂಢಿ ಸ್ಪಷ್ಟವಾಗಿ ಸಾಬೀತಾದರೆ ಬರಹಕ್ಕಿಂತ ರೂಢಿಯೇ ಮೇಲು. ಅಂದರೆ ಪುಸ್ತಕದ ಬಲ ಪುಸ್ತಕದಲ್ಲಿಲ್ಲ, ಒಪ್ಪಿಕೊಂಡವರಲ್ಲಿದೆ.

ಇಲ್ಲಿಯವರೆಗೆ ಓದಿ ನನಗೆ ಅಭಿಮಾನವೇ ಆಯಿತು, ನಮ್ಮ ನಾಡಿನವನ ಪುಸ್ತಕ ಲಂಡನ್ನಿನ ತನಕ ಹೋಯಿತಲ್ಲ ಎಂದು. ಮುಂದೆ ಓದಿದಾಗ ಅಭಿಮಾನ ಸ್ವಲ್ಪ ಇಳಿಯಿತು. ಯಾಕೆಂದರೆ ಕೋರ್ಟು, ಸಮಾಜ ಎರಡೂ ಆ ಪುಸ್ತಕದಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದನ್ನು ಬಿಟ್ಟಿವೆ.

ಬಿಟ್ಟದ್ದು ಏನು? ಎರಡು ಸಂಗತಿ ಹೇಳುತ್ತೇನೆ.

ಒಂದು, ಕಾಲು ಪಾಲು. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳುವಾಗ ಮದುವೆಯಾಗದ ಅಕ್ಕತಂಗಿಯರಿಗೆ ಕಾಲು ಪಾಲು ಕೊಡಬೇಕು ಎಂದು ಯಾಜ್ಞವಲ್ಕ್ಯನ ಮಾತಿದೆ. ಅದರ ಅರ್ಥ ಮದುವೆಯ ಖರ್ಚು ಕೊಟ್ಟರೆ ಸಾಕು ಎಂದು ಕೆಲವು ಪಂಡಿತರು ಹೇಳಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಹಾಗಲ್ಲ, ಅದು ಖರ್ಚಿನ ಮಾತಲ್ಲ, ನಿಜವಾದ ಪಾಲು, ತಂದೆಯ ಆಸ್ತಿಯಲ್ಲಿ ಅವಳೂ ಭಾಗಸ್ಥಳು ಎಂದು ವಾದಿಸಿದ. ಆದರೆ ಮುಂದೆ ರೂಢಿಯಲ್ಲೂ ಕೋರ್ಟಿನಲ್ಲೂ ಉಳಿದದ್ದು ಮದುವೆಯ ಖರ್ಚು ಮಾತ್ರ.

ಎರಡು, ಒಂದೇ ಒಂದು ಪದ: ‘ಆದ್ಯ’, ಅಂದರೆ ‘ಮೊದಲಾದ’. ಹೆಂಗಸಿನ ಸ್ವಂತ ಆಸ್ತಿ ಯಾವುದು ಎಂದು ಯಾಜ್ಞವಲ್ಕ್ಯ ಪಟ್ಟಿ ಕೊಡುತ್ತಾನೆ: ತಂದೆ ಕೊಟ್ಟದ್ದು, ತಾಯಿ ಕೊಟ್ಟದ್ದು, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಮೊದಲಾದವು. ಆ ‘ಮೊದಲಾದವು’ ಅನ್ನುವುದರಲ್ಲಿ ವಾರಸಾ ಹಕ್ಕಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲ ಸೇರುತ್ತದೆ ಎಂದು ವಿಜ್ಞಾನೇಶ್ವರ ಅರ್ಥ ಹೇಳಿದ. 1867ರಲ್ಲಿ ಪ್ರಿವಿ ಕೌನ್ಸಿಲ್, ಗಂಡನಿಂದ ವಿಧವೆಗೆ ಬಂದ ಆಸ್ತಿ ಅವಳ ಸ್ತ್ರೀಧನವಲ್ಲ ಎಂದು ತೀರ್ಪು ಕೊಟ್ಟಿತು. ಅವಳು ಬದುಕಿರುವ ತನಕ ಉಣ್ಣಬಹುದು, ಅಷ್ಟೇ. ಮುಂಬಯಿ ಪ್ರಾಂತದಲ್ಲಿ ಮಾತ್ರ ಸ್ವಲ್ಪ ಬೇರೆ. ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ಮಗಳಿಗೆ ಬಂದರೆ ಅದು ಪೂರ್ತಿ ಅವಳದೇ ಎಂದು ಇಲ್ಲಿನ ಕೋರ್ಟುಗಳು ಒಪ್ಪಿದ್ದವು.

ಒಂಬೈನೂರು ವರ್ಷದ ಹಿಂದಿನವನಿಗೆ ಇವತ್ತಿನ ಸಮಾನತೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹುಟ್ಟಿನ ಹಕ್ಕನ್ನು ಅವನು ಗಂಡುಮಕ್ಕಳಿಗೇ ಇಟ್ಟ. ಆದರೆ ಅವನು ಹೆಣ್ಣುಮಕ್ಕಳಿಗೆ ತೆರೆದಿಟ್ಟ ಸಣ್ಣ ಕಿಂಡಿಯನ್ನೂ ಮುಂದಿನವರು ಮುಚ್ಚಿದರು.

ಅದನ್ನು ತೆರೆಯುವುದಕ್ಕೂ ಮತ್ತೆ ವಿದ್ವಾಂಸರೇ ಬೇಕಾದರು. ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾವ್ ಅವರ ಅಧ್ಯಕ್ಷತೆಯ ಸಮಿತಿ 1940ರ ದಶಕದಲ್ಲಿ ಹಿಂದೂ ಕಾನೂನನ್ನು ಹೊಸದಾಗಿ ಬರೆಯಿತು. ಮಗನ ಹುಟ್ಟಿನ ಹಕ್ಕನ್ನೇ ತೆಗೆದು ಮಗಳಿಗೂ ಪಾಲು ಕೊಡಿ ಎಂದಿತು. ಡಾ. ಅಂಬೇಡ್ಕರರು ಅದನ್ನು ಸಂಸತ್ತಿನ ಮುಂದೆ ತಂದರು, ಪಾಸಾಗದೆ ನಿಂತಾಗ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಗಸಿಗೆ ಬಂದ ಆಸ್ತಿ ಪೂರ್ತಿ ಅವಳದೇ ಎಂದಿತು. ‘ಆದ್ಯ’ ಪದಕ್ಕೆ ನ್ಯಾಯ ಸಿಕ್ಕಿತು. ಆದರೆ ಹಿರಿಯರ ಆಸ್ತಿಯಲ್ಲಿ ಹುಟ್ಟಿನ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ ತನ್ನ ತಿದ್ದುಪಡಿಯಿಂದ 30 ಜುಲೈ 1994ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು, ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟು. 2000ದಲ್ಲಿ ಕಾನೂನು ಆಯೋಗದ 174ನೆಯ ವರದಿ ಇಂಥ ರಾಜ್ಯಗಳ ಅನುಭವ ನೋಡಿ ಇಡೀ ದೇಶಕ್ಕೆ ತಿದ್ದುಪಡಿ ಬೇಕೆಂದಿತು. 9 ಸೆಪ್ಟೆಂಬರ್ 2005ರಿಂದ ಅದು ಜಾರಿಗೆ ಬಂತು.

ಆದರೂ ಗೊಂದಲ ಮುಗಿಯಲಿಲ್ಲ. 2005ರ ಆ ದಿನ ತಂದೆ ಬದುಕಿರಬೇಕೇ? ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಬದುಕಿರಬೇಕು ಎಂದಿತು. ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ 2018ರಲ್ಲಿ, ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೊನೆಗೆ 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು: ತಂದೆ ಬದುಕಿರಬೇಕಾಗಿಲ್ಲ. ಯಾಕೆ? ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆಯ ಸಾವಿನಿಂದಲ್ಲ. ಅದು ಅಪ್ರತಿಬಂಧ ದಾಯ.

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ ಪದ. ಕಲ್ಯಾಣದಲ್ಲಿ ಕೂತವನು ಗಂಡುಮಕ್ಕಳಿಗೆಂದು ಬರೆದ ಪದವನ್ನು ದೆಹಲಿಯ ಕೋರ್ಟು ಹೆಣ್ಣುಮಕ್ಕಳ ಕೈಗೆ ಕೊಟ್ಟಿತು. ಕೊರೊನಾ ಕಾಲ ಅದು. ಮನೆಯಿಂದಲೇ ಕೆಲಸ ಎಂದು ನಾನು ಊರಲ್ಲಿದ್ದೆ. ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಕೂತು ಆ ತೀರ್ಪು ಓದಿದೆ. ಓದುತ್ತಾ ನನಗೆ ಸಂತೋಷವಾಗಲಿಲ್ಲ, ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಯಿತು.

ಯಾಕೆ ಎಂದು ಹೇಳುತ್ತೇನೆ. ಇದನ್ನು ಹೇಳಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ.

ನಮ್ಮ ಅಪ್ಪ 2014ರಲ್ಲಿ ತೀರಿಕೊಂಡರು. ನಮಗಿದ್ದದ್ದು ಆರು ಎಕರೆ ಹೊಲ, ಅಜ್ಜನ ಕಾಲದ್ದು. ಉತಾರದಲ್ಲಿ ಹೆಸರು ಬದಲಾಗಬೇಕಿತ್ತು. ಮರುವರ್ಷ ಎರಡು ದಿನ ರಜೆ ಹಾಕಿ ಬಂದೆ. ಅಕ್ಕನ ಹಕ್ಕುಬಿಡುಗಡೆ ಪತ್ರ ಬರೆಸಿ, ಅವಳನ್ನು ಗಂಡನ ಊರಿಂದ ಕರೆಸಿ ಸಹಿಗೆ ಕೂಡಿಸಿದೆ. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ, ನಾನೂ ಮಾಡಿದೆ. ಅಕ್ಕ ಪೆನ್ನು ಹಿಡಿದವಳು ಪೂರ್ತಿ ಓದಿದಳು. ಓದಿ ಅಂದಳು:

‘ತಮ್ಮಾ, ಸ್ವಸಂತೋಷದಿಂದ ಅಂತ ಬರದಾರಲ್ಲೋ. ನನ್ನ ಯಾರೂ ಕೇಳೇ ಇಲ್ಲಲ್ಲ?’

ನಾನು ನಕ್ಕೆ. ಅವಳೂ ನಕ್ಕಳು. ಸಹಿ ಹಾಕಿದಳು. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೋದಳು. ಚಿಮಣಿ ಬುಡ್ಡಿಯ ಮುಂದೆ ನನಗೆ ವಿಜ್ಞಾನೇಶ್ವರನ ಹೆಸರು ಬಾಯಿಪಾಠ ಮಾಡಿಸಿದ ಅಕ್ಕ.

ಮಾಳಿಗೆಯ ಮೇಲೆ ಆ ತೀರ್ಪು ಓದಿದ ದಿನ ನನಗೆ ಗೊತ್ತಾದದ್ದು ಇಷ್ಟು: ಕಾನೂನು ಅವಳ ಪರವಾಗಿ 1994ರಿಂದಲೇ ಇತ್ತು. ಅವಳ ಪಾಲನ್ನು ತೆಗೆದದ್ದು ಯಾವ ಶಾಸ್ತ್ರವೂ ಅಲ್ಲ, ಯಾವ ಕೋರ್ಟೂ ಅಲ್ಲ, ನಾನು ಬರೆಸಿದ ಕಾಗದ. ಮನಸ್ಸಿಲ್ಲದೆಯೇ ಆದರೂ ಅವಳು ಸಹಿ ಹಾಕಿ ಕೊಟ್ಟದ್ದನ್ನು ಸುಪ್ರೀಂ ಕೋರ್ಟು ತಾನಾಗಿ ಬಂದು ತಿರುಗಿ ಕೊಡುವುದಿಲ್ಲ. ಕೊಡಬೇಕಾದವನು ನಾನೇ.

ವಕೀಲ ಗೆಳೆಯನೊಬ್ಬನಿಂದ ಲೆಕ್ಕ ಹಾಕಿಸಿದೆ. ಅಪ್ಪ, ಅವ್ವ, ಅಕ್ಕ, ನಾನು: ನಾಲ್ಕು ಪಾಲು, ಒಂದೊಂದಕ್ಕೆ ಒಂದೂವರೆ ಎಕರೆ. ಅಪ್ಪನ ಒಂದೂವರೆ ಎಕರೆ ಉಳಿದ ಮೂವರಿಗೆ ಇಪ್ಪತ್ತು ಇಪ್ಪತ್ತು ಗುಂಟೆ. ಒಟ್ಟು ಒಬ್ಬೊಬ್ಬರಿಗೆ ಎರಡು ಎಕರೆ. 2021ರಲ್ಲಿ ಎರಡು ಎಕರೆಗೆ ಬಕ್ಷೀಸ್ ಪತ್ರ ಬರೆಸಿ ಅಕ್ಕನ ಹೆಸರಿಗೆ ಮಾಡಿಸಿದೆ. ಬಕ್ಷೀಸ್ ಎಂಬ ಹೆಸರೇ ನನಗೆ ಹಿಡಿಸಲಿಲ್ಲ, ಅವಳದ್ದನ್ನೇ ಅವಳಿಗೆ ಕೊಡುವುದಕ್ಕೆ ಅದೆಂಥ ಬಕ್ಷೀಸು? ಆದರೆ ಕಾಗದಕ್ಕೆ ಬೇರೆ ದಾರಿ ಇರಲಿಲ್ಲ. ಅಕ್ಕ ಮೊದಲು ಬೇಡ ಅಂದಳು. ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆ. ಇವತ್ತು ಆ ಎರಡು ಎಕರೆ ಲಾವಣಿಗೆ ಹಾಕಿದ್ದಾಳೆ. ಅವಳ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಫೀ ಆ ದುಡ್ಡಿನಿಂದ ಹೋಗುತ್ತದೆ.

ನಮ್ಮ ಕಾಕಾ ಒಬ್ಬರು ಅಂದರು, ‘ನೀ ಮಾಡಿದ್ದ ನೋಡಿ ನಾಳೆ ನಮ್ಮ ಮನಿ ಹೆಣ್ಮಕ್ಕಳೂ ಕೇಳ್ತಾರ.’ ಆವತ್ತು ನನ್ನ ಬಾಯಿಂದ ಉತ್ತರ ಬರಲಿಲ್ಲ. ಇವತ್ತು ಈ ವೇದಿಕೆಯಿಂದ ಹೇಳುತ್ತೇನೆ, ಕೇಳಲಿ ಕಾಕಾ. ನಾವು ಅವರನ್ನು ಮೊದಲೇ ಕೇಳಿದ್ದರೆ ಅವರು ಕೇಳಬೇಕಾಗುತ್ತಿರಲಿಲ್ಲ.

ಊರಿನ ಹಿರಿಯರಲ್ಲಿ ಒಂದು ಮಾತು. ಬಾಯಿಮಾತಿನಲ್ಲಿ ವಾಟ್ನಿ ಆಗಿದೆ ಎಂದು ಹೇಳಿ ಹೆಣ್ಣುಮಕ್ಕಳನ್ನು ಬಿಡುವ ಕಾಲ ಹೋಯಿತು. ಗಟ್ಟಿಯಾದ ಸರಕಾರಿ ದಾಖಲೆ ಬೆನ್ನಿಗಿರುವ ಅಪರೂಪದ ಸಂದರ್ಭ ಬಿಟ್ಟರೆ ಅಂಥ ಮಾತನ್ನು ಒಪ್ಪಬಾರದು ಎಂದು 2020ರ ಅದೇ ತೀರ್ಪು ಹೇಳಿದೆ. 20 ಡಿಸೆಂಬರ್ 2004ಕ್ಕೆ ಮೊದಲೇ ನೋಂದಣಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಮುಗಿದ ವಾಟ್ನಿಗಳಿಗೆ ಮಾತ್ರ ತೊಂದರೆಯಿಲ್ಲ. ನಿಮ್ಮ ಮನೆಯ ಸಂಗತಿಗೆ ವಕೀಲರನ್ನು ಕೇಳಿ, ನಾನು ಕಂಪ್ಯೂಟರಿನವನು.

ಕಂಪ್ಯೂಟರಿನವನಾಗಿ ಮಕ್ಕಳಿಗೆ ಒಂದು ಮಾತು. ನಾವು ಪ್ರೋಗ್ರಾಂ ಬರೆಯುವಾಗ, ಬಳಸುವವನು ಏನನ್ನೂ ಆರಿಸದಿದ್ದರೆ ಯಾವುದು ನಡೆಯಬೇಕು ಎಂದು ಮೊದಲೇ ಬರೆದಿಡುತ್ತೇವೆ. ಹೆಚ್ಚಿನ ಜನ ಅದನ್ನು ಬದಲಿಸುವುದೇ ಇಲ್ಲ, ಅದೇ ನಡೆಯುತ್ತಾ ಹೋಗುತ್ತದೆ. ವಿಜ್ಞಾನೇಶ್ವರ, ಕೋಲ್‌ಬ್ರೂಕ್, ಮುಲ್ಲಾ, ಅಮೆರಿಕದ ಪ್ರಾಸರ್, ಇವರು ಬರೆದದ್ದು ಅಂಥದ್ದು. ಮೂಲೆಯಲ್ಲಿ ಕೂತು ಎಚ್ಚರದಿಂದ ಬರೆದ ಒಂದು ಸಾಲು, ಎಲ್ಲೋ ಇರುವ ಹೊಲದ ಬದುವಿನ ತನಕ ಬರುತ್ತದೆ. ಆದ್ದರಿಂದ ಬರೆಯುವವರಾಗಿ. ಅದಕ್ಕಿಂತ ಮೊದಲು ಓದುವವರಾಗಿ. ವಿಶೇಷವಾಗಿ ಹೆಣ್ಣುಮಕ್ಕಳು, ಸಹಿ ಹಾಕುವ ಮೊದಲು ನನ್ನ ಅಕ್ಕನ ಹಾಗೆ ಪೂರ್ತಿ ಓದಿ. ಓದಿ ಪ್ರಶ್ನೆ ಬಂದರೆ, ಉತ್ತರ ಸಿಗುವ ತನಕ ಪೆನ್ನು ಕೆಳಗಿಡಿ.

ಗುರುಗಳಲ್ಲಿ ಒಂದು ಬಿನ್ನಹ. ‘ಮಿತಾಕ್ಷರ ಬರೆದವರು ಯಾರು?’ ಎಂಬ ಪ್ರಶ್ನೆ ಬಂದಾಗ ಅದರ ಮುಂದೆ ಇನ್ನೊಂದು ಪ್ರಶ್ನೆ ಕೇಳಿ: ‘ಅದರಲ್ಲಿ ಏನಿದೆ?’ ಅದಕ್ಕೆ ನಾಲ್ಕು ಅಂಕ ಇಡಿ.

ನನ್ನ ಅಕ್ಕ ಇವತ್ತು ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಈ ಮಾತನ್ನೆಲ್ಲ ಹೇಳಲೇ ಎಂದು ಈ ಸಲ ಅವಳನ್ನು ಮೊದಲೇ ಕೇಳಿದ್ದೇನೆ. ಹೇಳು ಅಂದಳು.